ಅಪ್‌ಡೇಟ್: ಅಂಟದ ಆಟದ ಹಿಟ್ಟು, ತರಕಾರಿ ಸಂತೆ ಆಟ

ಎರಡೂವರೆ ವರ್ಷದ ಮಗುವಿಗೆ ಮಾಡಿಕೊಡುವ ಆಟದ ಹಿಟ್ಟು ಮಳೆಗಾಲದಲ್ಲಿ ಅಂಟಂಟಾಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಬೇಯಿಸಿ ನೋಡಿ ಎಂದವರಿಗೆ ತುಂಬಾ ಧನ್ಯವಾದ, ಅದೇ ಸರಿಯಾದ ದಾರಿ.

ಅಳತೆ: ಮೈದಾ 1 ಕಪ್, ಪುಡಿ ಉಪ್ಪು ಅರ್ಧ ಕಪ್, ನೀರು 1 ಕಪ್, ಎಣ್ಣೆ 1 ದೊಡ್ಡ ಚಮಚ, ನಿಂಬೆರಸ 1 ದೊಡ್ಡ ಚಮಚ. ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಮೊದಲು ಗಂಜಿಯಂತಿರುತ್ತದೆ, ಆಮೇಲೆ ತಳ ಬಿಟ್ಟು ಉಂಡೆಗಟ್ಟುತ್ತದೆ. ಮಧ್ಯದಲ್ಲಿ ಹಸಿ ಹೊಳಪು ಉಳಿದಿದ್ದರೆ ಇಳಿಸಬೇಡಿ. ಅಂಟಿಗೆ ಅದೇ ಮುಖ್ಯ ಕಾರಣ. ಆರಿದ ಮೇಲೆ ನಾದಿ. ಬಿಸಿಯಿರುವಾಗಲೇ ಡಬ್ಬಿಗೆ ಹಾಕಿದರೆ ಮುಚ್ಚಳದಲ್ಲಿ ಬೆವರಿಳಿದು ಹಿಟ್ಟು ಮತ್ತೆ ಜಿಗುಟಾಗುತ್ತದೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುವುದರಿಂದ ಮಳೆಗಾಲದಲ್ಲಿ ಮೇಲ್ಮೈ ಒದ್ದೆಯಾದರೆ ಒಂದು ಚಮಚ ಒಣ ಮೈದಾ ಸೇರಿಸಿ ನಾದಿದರೆ ಸಾಕು.

ಬಣ್ಣಕ್ಕೆ ನೀರಿನ ಬದಲು ಪಾಲಕ್ ರಸ ಹಾಕಬಹುದು. ಬೀಟ್‌ರೂಟ್ ರಸ ಕುದಿಸಿದರೆ ಕಂದುತ್ತದೆ, ಇಳಿಸಿದ ಮೇಲೆ ಒಂದೆರಡು ಚಮಚ ಹಾಕಿ ನಾದಿ. ಹಳದಿಗೆ ಅರಿಶಿನ ಹಾಕಿದರೆ ಅದರ ಕಲೆ ಬಟ್ಟೆಯಿಂದ ಸುಲಭವಾಗಿ ಹೋಗುವುದಿಲ್ಲ, ಹಳೆಯ ಅಂಗಿಯೇ ವಾಸಿ.

ಆಟ ತರಕಾರಿ ಸಂತೆ. ಉದ್ದಕ್ಕೆ ಹೊಸೆದರೆ ಬೀನ್ಸ್, ದುಂಡಗೆ ಮಾಡಿದರೆ ಟೊಮೆಟೊ. ಬಣ್ಣಕ್ಕೊಂದು ಬಟ್ಟಲಿಟ್ಟು ವಿಂಗಡಿಸಲು ಬಿಡಿ. ಬೆಂಡೆಕಾಯಿಯ ತೊಟ್ಟಿನ ಕಡೆ ಕತ್ತರಿಸಿ ಒತ್ತಿದರೆ ಚಂದದ ಹೂವು ಮೂಡುತ್ತದೆ. ಅಲಂಕಾರಕ್ಕೆ ಹುಣಸೆಬೀಜ, ಕಡಲೆ, ಮಣಿ ಖಂಡಿತ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಈ ಹಿಟ್ಟಿನಲ್ಲಿ ಉಪ್ಪು ವಿಪರೀತ, ಆದ್ದರಿಂದ ಬಾಯಿಗೆ ಹಾಕುವ ಮಕ್ಕಳಿಗೆ ಉಪ್ಪಿಲ್ಲದ ಚಪಾತಿ ಹಿಟ್ಟು ಕೊಟ್ಟು ಅದೇ ದಿನ ಎಸೆಯಿರಿ. ಆದರೆ ಅದೂ ಹಸಿ ಹಿಟ್ಟೇ, ತಿನ್ನುವುದಕ್ಕಲ್ಲ, ಬಾಯಿಗೆ ಹಾಕದಂತೆ ಪಕ್ಕದಲ್ಲೇ ಕೂತಿರಿ.