ಅಪ್‌ಡೇಟ್: ಹಳೆಯ ಸೆಡಾನ್‌ನ ಎಂಜಿನ್ ಬಿಸಿಯಾಗುತ್ತಿದ್ದ ಕಾರಣ ತಿಳಿಯಿತು

ನನ್ನ 14 ವರ್ಷ ಹಳೆಯ ಸೆಡಾನ್‌ನಲ್ಲಿ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಪದೇ ಪದೇ ಕಡಿಮೆಯಾಗಿ ಎಂಜಿನ್ ಬಿಸಿಯಾಗುತ್ತಿದೆ, ಮೆಕ್ಯಾನಿಕ್ ಒಬ್ಬರು ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗ ಮತ್ತು ಬ್ಲಾಕ್ ನಡುವಿನ ಸೀಲ್) ಹೋಗಿದೆ ಎನ್ನುತ್ತಿದ್ದಾರೆ, ರಿಪೇರಿ ಮಾಡಿಸಲೇ ಮಾರಿಬಿಡಲೇ ಎಂದು ಹಿಂದೆ ಕೇಳಿದ್ದೆ.

ಎಂಜಿನ್ ಬಿಚ್ಚಿಸುವ ಮೊದಲು ಬೇರೊಂದು ಗ್ಯಾರೇಜಿನಲ್ಲಿ ಕೂಲಿಂಗ್ ವ್ಯವಸ್ಥೆಯ ಪ್ರೆಶರ್ ಟೆಸ್ಟ್ (ಒತ್ತಡ ಕೊಟ್ಟು ಸೋರಿಕೆ ಹುಡುಕುವ ಪರೀಕ್ಷೆ) ಮಾಡಿಸಿದೆ. ಡಿಪ್‌ಸ್ಟಿಕ್‌ನಲ್ಲಿದ್ದ ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗಿರಲಿಲ್ಲ, ಸೈಲೆನ್ಸರ್‌ನಿಂದ ಬಿಳಿ ಹೊಗೆಯೂ ಬರುತ್ತಿರಲಿಲ್ಲ; ಅಂದರೆ ಹೆಡ್ ಗ್ಯಾಸ್ಕೆಟ್ ಹೋದಾಗ ಸಾಮಾನ್ಯವಾಗಿ ಕಾಣುವ ಈ ಲಕ್ಷಣಗಳು ಇರಲಿಲ್ಲ. ಆದರೆ ಒತ್ತಡ ಕೊಟ್ಟ ಹತ್ತು ನಿಮಿಷಗಳಲ್ಲಿ ಗೇಜಿನ ಮುಳ್ಳು ನಿಧಾನವಾಗಿ ಇಳಿಯಿತು, ಅಂದರೆ ಎಲ್ಲೋ ಸೋರುತ್ತಿತ್ತು. ಟಾರ್ಚ್ ಹಿಡಿದು ನೋಡಿದಾಗ ಕೂಲಂಟನ್ನು ಎಂಜಿನ್‌ನಲ್ಲಿ ಹರಿಸುವ ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದ ಸುತ್ತ ಒಣಗಿದ ಗುಲಾಬಿ ಬಣ್ಣದ ಕೂಲಂಟ್ ಹೆಪ್ಪುಗಟ್ಟಿರುವುದು ಕಾಣಿಸಿತು. ಒಳಗಿನ ಸೀಲ್ ಸವೆದಿತ್ತು, ಅಷ್ಟೇ.

ಈ ಎಂಜಿನ್‌ನಲ್ಲಿ ವಾಟರ್ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್ (ಎಂಜಿನ್‌ನ ಕವಾಟಗಳನ್ನು ಸರಿಯಾದ ಸಮಯಕ್ಕೆ ನಡೆಸುವ ಬೆಲ್ಟ್) ಆದ್ದರಿಂದ, ಪಂಪ್ ಬದಲಿಸಲು ಬೆಲ್ಟನ್ನು ಹೇಗೂ ಬಿಚ್ಚಲೇಬೇಕು. ಹಾಗಾಗಿ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಕೂಲಂಟ್ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್, ವಾಟರ್ ಪಂಪ್ ಎಲ್ಲವನ್ನೂ ಒಂದೇ ಬಾರಿಗೆ ಹಾಕಿಸಿದೆ. ಬಿಲ್ಲಿನಲ್ಲಿ ಬಿಡಿಭಾಗಗಳಿಗಿಂತ ಕೂಲಿಯೇ ಹೆಚ್ಚಾಗಿತ್ತು. ಆದರೂ ಒಟ್ಟು ಮೊತ್ತವು ಹೆಡ್ ಗ್ಯಾಸ್ಕೆಟ್ ಕೆಲಸಕ್ಕೆ ಮೊದಲ ಮೆಕ್ಯಾನಿಕ್ ಹೇಳಿದ್ದ ಮೊತ್ತದ ಮೂರನೇ ಒಂದು ಭಾಗವನ್ನೂ ಮುಟ್ಟಲಿಲ್ಲ. ಪರೀಕ್ಷೆಯನ್ನೇ ಮಾಡದೆ ಅಷ್ಟು ದೊಡ್ಡ ಕೆಲಸ ಸೂಚಿಸಿದ್ದು ನನಗೆ ಇಂದಿಗೂ ಸರಿಯೆನಿಸುವುದಿಲ್ಲ.

ಇದಲ್ಲದೆ, ಮುಂದಿನ ಚಕ್ರದ ಕಡೆಯಿಂದ ಬರುವ ಕಟಕಟ ಸದ್ದು ಲೋವರ್ ಆರ್ಮ್ ಬುಷ್‌ನದೆಂದು (ಸಸ್ಪೆನ್ಷನ್‌ನ ರಬ್ಬರ್ ಭಾಗ) ಗೊತ್ತಾಗಿದೆ. ಅದನ್ನು ಮುಂದಿನ ತಿಂಗಳು ಮಾಡಿಸುತ್ತೇನೆ. ಸದ್ಯ 1,200 ಕಿ.ಮೀ. ಓಡಿಸಿದ ಮೇಲೂ ಕೂಲಂಟ್ ಮಟ್ಟ ಇಳಿದಿಲ್ಲ, ಕಾರನ್ನು ಮಾರುತ್ತಿಲ್ಲ.