ಮಗಳ ಕರುಳಿನ ಉರಿಯೂತಕ್ಕೆ ಪ್ರೊಬಯಾಟಿಕ್ ಕ್ಯಾಪ್ಸೂಲ್ ಸಾಕಾ? ಮಾತ್ರೆ ನಿಲ್ಲಿಸಬಹುದಾ?

ಸುಂಟಿಕೊಪ್ಪದ ಬೆಳೆಗಾರ:

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮಗಳಿಗೆ ಇಪ್ಪತ್ತು ವರ್ಷ, ಮಡಿಕೇರಿಯಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಈ ಸಲ ಕಾಫಿ ಕೊಯ್ಲಿನ ಹೊತ್ತಿಗೆ ಅವಳಿಗೆ ಭೇದಿ ಶುರುವಾಯಿತು. ಆಮಶಂಕೆ ಇರಬೇಕು ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ಸ್ವಲ್ಪ ದಿನ ಕಮ್ಮಿಯಾಗುವುದು, ಮತ್ತೆ ಬರುವುದು. ರಕ್ತ ಹೋಗಲು ಶುರುವಾದ ಮೇಲೆ ಮೈಸೂರಿಗೆ ಕರೆದುಕೊಂಡು ಹೋದೆ. ಕೊಲೊನೋಸ್ಕೋಪಿ ಮಾಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಅಲ್ಸರೇಟಿವ್ ಕೊಲೈಟಿಸ್ ಎಂದರು. ದೊಡ್ಡ ಕರುಳಿನ ಎಡಭಾಗದಲ್ಲಿ ಮಾತ್ರ ಇದೆಯಂತೆ. ಮೆಸಲಮೈನ್ ಮಾತ್ರೆ ಕೊಟ್ಟಿದ್ದಾರೆ, ರಾತ್ರಿ ಮಲಗುವಾಗ ಅದೇ ಔಷಧದ ಎನಿಮಾ. ಈಗ ರಕ್ತ ನಿಂತಿದೆ, ತೂಕವೂ ಸ್ವಲ್ಪ ಬಂದಿದೆ.

ತೊಂದರೆ ಏನೆಂದರೆ, ವರ್ಷಗಟ್ಟಲೆ ಮಾತ್ರೆ ಬೇಕು ಎಂದು ಡಾಕ್ಟರು ಹೇಳಿದ್ದು ಮನೆಯಲ್ಲಿ ಯಾರಿಗೂ ಸಹಿಸಲು ಆಗುತ್ತಿಲ್ಲ. ನನ್ನ ಅತ್ತಿಗೆ ಬೆಂಗಳೂರಿಂದ ಪ್ರೊಬಯಾಟಿಕ್ ಕ್ಯಾಪ್ಸೂಲಿನ ಡಬ್ಬ ತಂದುಕೊಟ್ಟಿದ್ದಾರೆ. ‘500 ಕೋಟಿ ಜೀವಂತ ಬ್ಯಾಕ್ಟೀರಿಯಾ, ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂದು ಅದರ ಮೇಲಿದೆ. ಒಳ್ಳೆಯ ಬ್ಯಾಕ್ಟೀರಿಯಾ ತುಂಬಿಕೊಂಡರೆ ಕರುಳು ತಾನೇ ವಾಸಿಯಾಗುತ್ತದೆ, ಹುಡುಗಿಗೆ ಮದುವೆ ಆಗಬೇಕು, ಇಷ್ಟು ಚಿಕ್ಕ ವಯಸ್ಸಿಗೆ ಇಂಗ್ಲಿಷ್ ಮಾತ್ರೆ ಏಕೆ ಎನ್ನುತ್ತಾರೆ. ನನ್ನ ತಾಯಿ ಬೇರೆ, ಮೂರು ಹೊತ್ತೂ ಮೊಸರು ಕೊಡು, ಸಾಕು ಎನ್ನುತ್ತಾರೆ. ಈ ಮಳೆಯಲ್ಲಿ ಮೊಸರೂ ಸರಿಯಾಗಿ ಹೆಪ್ಪಾಗುವುದಿಲ್ಲ.

ಕ್ಯಾಪ್ಸೂಲಿನಿಂದ ನಿಜವಾಗಿ ಉರಿಯೂತ ಇಳಿಯುತ್ತದಾ? ಮಾತ್ರೆ ನಿಲ್ಲಿಸಬಹುದಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಗೋಣಿಕೊಪ್ಪ ಮೆಡಿಕಲ್ಸ್ ಅಕ್ಕ:

ಅಣ್ಣಾ, ಮೊದಲು ಒಂದು ಮಾತು. ಮೆಸಲಮೈನ್ ನಿಲ್ಲಿಸಬೇಡಿ. ರಕ್ತ ನಿಂತಿರುವುದು ಅದರಿಂದ. ರಕ್ತ ನಿಂತ ಕೂಡಲೇ ಒಳಗಿನ ಹುಣ್ಣು ಮಾಯಿತು ಎಂದಲ್ಲ. ಈ ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳದವರಲ್ಲಿ ಕಾಯಿಲೆ ಮರುಕಳಿಸುವ ಸಂಭವ ಐದು ಪಟ್ಟಿಗೂ ಹೆಚ್ಚು ಎಂದು 2003ರಲ್ಲೇ ಒಂದು ಅಧ್ಯಯನ ತೋರಿಸಿದೆ. ನಾನು ಬಿ.ಫಾರ್ಮ. ಓದಿ ಗೋಣಿಕೊಪ್ಪದಲ್ಲಿ ಔಷಧದ ಅಂಗಡಿ ನಡೆಸುವವಳು. ನೀವು ಹೇಳುವಂಥ ಡಬ್ಬಗಳನ್ನು ದಿನಾ ಮಾರುತ್ತೇನೆ, ಆದ್ದರಿಂದಲೇ ಇದನ್ನು ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಡಬ್ಬದ ಮೇಲಿನ ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂಬ ಸಾಲು ನೋಡಿ ನಿಮ್ಮ ಅತ್ತಿಗೆಗೆ ಧೈರ್ಯ ಬಂದಿರಬಹುದು. ನಿಮ್ಮ ಮಗಳ ವಿಷಯದಲ್ಲಿ ಅದನ್ನು ಬೇರೆಯಾಗಿ ಓದಬೇಕು. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ರೋಗನಿರೋಧಕ ಶಕ್ತಿ ಕಡಿಮೆಯಾಗಿರುವುದಿಲ್ಲ, ಕರುಳಿನ ಗೋಡೆಯ ಮೇಲೇ ಅದು ಅತಿಯಾಗಿ ಎರಗುತ್ತಿರುತ್ತದೆ. ಅವಳಿಗೆ ಬೇಕಾಗಿರುವುದು ಆ ಶಕ್ತಿ ಹದಕ್ಕೆ ಬರುವುದು. ಮೆಸಲಮೈನ್ ಆ ಗೋಡೆಯ ಮೇಲೇ ಕೆಲಸ ಮಾಡಿ ಉರಿಯೂತ ಇಳಿಸುತ್ತದೆ.

ಬ್ಯಾಕ್ಟೀರಿಯಾ ಇದರಲ್ಲಿ ಎಲ್ಲಿ ಬರುತ್ತದೆ? ದೊಡ್ಡ ಕರುಳಿನ ಒಳಮೈಗೆ ಇರುವುದು ಒಂದೇ ಒಂದು ಪದರ ಜೀವಕೋಶ. ಅದರ ಮೇಲೆ ಲೋಳೆಯ ಹೊದಿಕೆ. ಕೆಳಗಡೆ ರೋಗನಿರೋಧಕ ಕೋಶಗಳು ದಂಡಿಯಾಗಿ ಕಾದಿರುತ್ತವೆ. ನಾವು ತಿಂದ ಸೊಪ್ಪು, ಕಾಳು, ಹಣ್ಣಿನ ನಾರನ್ನು ಅಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ಆ ಒಂದು ಪದರದ ಕೋಶಗಳಿಗೆ ಮುಖ್ಯ ಆಹಾರವೇ ಅದು. ಕೋಶಗಳ ನಡುವಿನ ಬೆಸುಗೆ ಗಟ್ಟಿಯಾಗುವುದಕ್ಕೂ, ಉರಿಯೂತಕ್ಕೆ ಕಡಿವಾಣ ಹಾಕುವ ನಿಯಂತ್ರಕ ಟಿ ಕೋಶಗಳು ಹುಟ್ಟುವುದಕ್ಕೂ ಅದು ನೆರವಾಗುತ್ತದೆ. ಬ್ಯುಟಿರೇಟ್ ಮಾಡುವವರಲ್ಲಿ ಫೀಕಾಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಜೈ ಎಂಬುದು ದೊಡ್ಡ ಹೆಸರು. ಕರುಳಿನ ಉರಿಯೂತದ ಕಾಯಿಲೆ ಇರುವವರಲ್ಲಿ ಅದು ಕಡಿಮೆ ಇರುವುದು ಮತ್ತೆ ಮತ್ತೆ ಕಂಡಿದೆ. ಆದರೆ ಅಂಗಡಿಯ ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಇರುವುದು ಅದಲ್ಲ. ಲ್ಯಾಕ್ಟೋಬ್ಯಾಸಿಲಸ್, ಬೈಫಿಡೋಬ್ಯಾಕ್ಟೀರಿಯಂ ಇರುತ್ತವೆ, ಅವು ಲ್ಯಾಕ್ಟಿಕ್, ಅಸಿಟಿಕ್ ಆಮ್ಲ ಮಾಡುತ್ತವೆ. ಕರುಳಿನಲ್ಲಿ ಬೇರೆ ಬ್ಯಾಕ್ಟೀರಿಯಾ ಇದ್ದರೆ ಅವು ಅದನ್ನು ಬ್ಯುಟಿರೇಟಿಗೆ ಬದಲಿಸಬಹುದು. ‘ಒಳ್ಳೆಯ ಬ್ಯಾಕ್ಟೀರಿಯಾ ತುಂಬಿಸುವುದು’ ಎಂಬ ಮಾತಿನಲ್ಲಿ ಈ ಎಡೆಗಳೆಲ್ಲ ಮುಚ್ಚಿಹೋಗುತ್ತವೆ.

ಈಗ ರೋಗಿಗಳ ಮೇಲೆ ಏನು ಕಂಡಿದೆ ಎಂಬ ವಿಷಯ. ಅಲ್ಸರೇಟಿವ್ ಕೊಲೈಟಿಸ್‌ಗೆ ಪ್ರೊಬಯಾಟಿಕ್‌ನಿಂದ ಏನೂ ಇಲ್ಲ ಎಂದು ನಾನು ಹೇಳುವುದಿಲ್ಲ. ನಮ್ಮ ದೇಶದಲ್ಲೇ ಹಲವು ಆಸ್ಪತ್ರೆಗಳು ಸೇರಿ ಒಂದು ಪ್ರಯೋಗ ಮಾಡಿ 2009ರಲ್ಲಿ ಪ್ರಕಟಿಸಿದವು. ಸೌಮ್ಯದಿಂದ ಮಧ್ಯಮ ತೀವ್ರತೆಯ ಕಾಯಿಲೆ ಇದ್ದ 147 ಜನ. ವಿಎಸ್‌ಎಲ್ 3 ಎಂಬ, ಎಂಟು ತಳಿಗಳ ಮಿಶ್ರಣವನ್ನು ಒಂದು ಗುಂಪಿಗೆ ಕೊಟ್ಟರು, ಇನ್ನೊಂದಕ್ಕೆ ಔಷಧವಿಲ್ಲದ ಪುಡಿ. 12 ವಾರ ಮುಗಿದಾಗ ಮಿಶ್ರಣ ತೆಗೆದುಕೊಂಡವರಲ್ಲಿ ಶೇ. 42.9 ಜನರ ಕಾಯಿಲೆ ಶಮನವಾಗಿತ್ತು, ಇನ್ನೊಂದು ಗುಂಪಿನಲ್ಲಿ ಶೇ. 15.7. ಒಳ್ಳೆಯ ಫಲವೇ. ಆದರೆ ಪ್ರಮಾಣ ನೋಡಿ. ಒಂದು ಹೊತ್ತಿಗೆ 3.6 ಲಕ್ಷ ಕೋಟಿ, ದಿನಕ್ಕೆ ಎರಡು ಹೊತ್ತು. ನಿಮ್ಮ ಡಬ್ಬದ 500 ಕೋಟಿಯ ಕ್ಯಾಪ್ಸೂಲಿನಲ್ಲಿ ಆ ಲೆಕ್ಕ ಮುಟ್ಟಬೇಕಾದರೆ ದಿನಕ್ಕೆ 1,440 ಕ್ಯಾಪ್ಸೂಲ್ ನುಂಗಬೇಕು. ಅಷ್ಟು ನುಂಗಿದರೂ ತಳಿ ಬೇರೆಯಾದರೆ ಆ ಫಲ ಬರುತ್ತದೆ ಎನ್ನಲು ಆಧಾರವಿಲ್ಲ.

ಇನ್ನೊಂದು ತಳಿಯ ಕಥೆ ನನಗೆ ತುಂಬಾ ಇಷ್ಟ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1917ರಲ್ಲಿ, ಆಲ್ಫ್ರೆಡ್ ನಿಸ್ಲೆ ಎಂಬ ಜರ್ಮನ್ ವೈದ್ಯ, ಸುತ್ತಲಿನವರೆಲ್ಲ ರಕ್ತಭೇದಿಯಿಂದ ಮಲಗಿದ್ದಾಗ ಏನೂ ಆಗದೆ ಉಳಿದ ಒಬ್ಬ ಸೈನಿಕನ ಮಲದಿಂದ ಒಂದು ಇ. ಕೋಲಿ ತಳಿಯನ್ನು ಬೇರ್ಪಡಿಸಿದರು. ಅದಕ್ಕೆ ಇವತ್ತಿಗೂ ನಿಸ್ಲೆ 1917 ಎಂದೇ ಹೆಸರು. 2004ರಲ್ಲಿ 327 ರೋಗಿಗಳನ್ನು ಒಂದು ವರ್ಷ ನೋಡಿದ ಅಧ್ಯಯನದಲ್ಲಿ, ಕಾಯಿಲೆ ಆಗಲೇ ಶಮನವಾದವರಲ್ಲಿ ಅದು ಮತ್ತೆ ಬರದಂತೆ ತಡೆಯುವುದರಲ್ಲಿ ಈ ತಳಿ ಮೆಸಲಮೈನ್‌ಗೆ ಹತ್ತಿರ ಹತ್ತಿರ ಸಮನಾಗಿ ನಿಂತಿತು. ಇ. ಕೋಲಿ ಎಂದರೆ ಕುಡಿಯುವ ನೀರಿನ ವರದಿಯಲ್ಲಿ ಕಾಣಬಾರದ ಹೆಸರು ಎಂದು ನಾವು ಓದಿದ್ದೆವಲ್ಲ, ಅದೇ ಜಾತಿಯ ಒಂದು ತಳಿ ಕರುಳನ್ನು ಕಾಯುತ್ತದೆ! ಹಾಗಾಗಿ ಜಾತಿಯ ಹೆಸರು ನೋಡಿ ಒಳ್ಳೆಯದು ಕೆಟ್ಟದ್ದು ಎನ್ನಲು ಬರುವುದಿಲ್ಲ, ತಳಿ ಯಾವುದು ಎಂದು ನೋಡಬೇಕು. ಕಾಫಿ ಬೆಳೆಯುವ ನಿಮಗೆ ಇದು ಬೇಗ ಹೊಳೆಯುತ್ತದೆ: ಅರೇಬಿಕಾ ಎಂದಷ್ಟೇ ಹೇಳಿದರೆ ಎಲೆ ತುಕ್ಕುರೋಗವನ್ನು ತಡೆಯುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ, ಯಾವ ಸೆಲೆಕ್ಷನ್ ಎಂದು ಕೇಳುತ್ತೀರಿ.

ಇಷ್ಟೆಲ್ಲ ಇದ್ದರೂ ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ವೈದ್ಯರ ಸಂಘ 2020ರ ಮಾರ್ಗಸೂಚಿಯಲ್ಲಿ, ಅಲ್ಸರೇಟಿವ್ ಕೊಲೈಟಿಸ್‌ಗೂ ಕರುಳಿನ ಉರಿಯೂತದ ಇನ್ನೊಂದು ಕಾಯಿಲೆಯಾದ ಕ್ರೋನ್ಸ್‌ಗೂ ಪ್ರೊಬಯಾಟಿಕ್‌ಗಳನ್ನು ಸಂಶೋಧನೆಯ ಚೌಕಟ್ಟಿನೊಳಗೆ ಮಾತ್ರ ಬಳಸಿ ಎಂದಿದೆ. ಇರುವ ಪ್ರಯೋಗಗಳು ಸಣ್ಣವು, ಒಂದರ ತಳಿ ಇನ್ನೊಂದರಲ್ಲಿಲ್ಲ. ಆದ್ದರಿಂದ ಡಾಕ್ಟರು ಒಪ್ಪಿ, ಮಾತ್ರೆಯ ಜೊತೆಗೆ ಸೇರಿಸಿದರೆ ಸರಿ. ಮಾತ್ರೆಯ ಬದಲಿಗೆ ಎನ್ನುವವರು ಯಾರೇ ಆದರೂ ಕೇಳಬೇಡಿ, ಅತ್ತಿಗೆಯಾದರೂ ಸರಿ, ನನ್ನಂಥ ಅಂಗಡಿಯವರಾದರೂ ಸರಿ. ಮದುವೆಯ ಮಾತು ಬಂತಲ್ಲ, ಮೆಸಲಮೈನ್ ತೆಗೆದುಕೊಳ್ಳುತ್ತಲೇ ಮದುವೆಯಾಗಿ ಮಕ್ಕಳನ್ನು ಹೆತ್ತವರು ಬೇಕಾದಷ್ಟು ಜನ ಇದ್ದಾರೆ. ಬಸಿರಿನಲ್ಲೂ ಸಾಮಾನ್ಯವಾಗಿ ಮುಂದುವರಿಸುವ ಔಷಧ ಅದು. ಕಾಯಿಲೆ ಹತೋಟಿಯಲ್ಲಿಲ್ಲದೆ ಬಸಿರಾಗುವುದೇ ಹೆಚ್ಚು ಕಷ್ಟ.

ವಿರಾಜಪೇಟೆ ಹುಡುಗ:

ನನಗೂ ಇದೇ ಕಾಯಿಲೆ, ಕಾಲೇಜಿನಲ್ಲಿದ್ದಾಗ ಬಂದದ್ದು. ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹೊಟ್ಟೆ ಸರಿ ಇದೆ ಅನ್ನಿಸುವುದನ್ನು ನಂಬಿ ಕೂರಬೇಡಿ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪರೀಕ್ಷೆ ಇದೆ. ಕರುಳಿನ ಗೋಡೆಗೆ ಬಿಳಿ ರಕ್ತಕಣಗಳು ಬಂದು ಸೇರಿದಷ್ಟೂ ಅದು ಏರುತ್ತದೆ. ಕ್ಯಾಪ್ಸೂಲ್ ಸೇರಿಸಿದರೆ ಫಲ ಇದೆಯೋ ಇಲ್ಲವೋ ಎಂದು ಅದರಿಂದ ನೋಡಬಹುದು. ನನಗೆ ಕ್ಯಾಪ್ಸೂಲಿನಿಂದ ಹೊಟ್ಟೆಯುಬ್ಬರ ಆಗುತ್ತಿತ್ತು, ಡಾಕ್ಟರು ನಿಲ್ಲಿಸಿದರು. ಮಗಳ ಹತ್ತಿರ ನೇರವಾಗಿ ಮಾತಾಡಿ. ಕಾಲೇಜಿನಲ್ಲಿ, ಬಸ್ಸಿನಲ್ಲಿ ಪದೇ ಪದೇ ಶೌಚಾಲಯಕ್ಕೆ ಓಡಬೇಕಾದ ಸಂಕಟವನ್ನು ಅವಳು ಮನೆಯಲ್ಲಿ ಹೇಳಿರುವುದಿಲ್ಲ.

ನಾಪೋಕ್ಲು ಮನೆಯಡುಗೆ:

ಮೊಸರಿನ ವಿಷಯ ನಾನು ಹೇಳಬಲ್ಲೆ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ನಮ್ಮ ಕಡೆ ಹಾಲನ್ನು ಬೇಸಿಗೆಯ ಹಾಗೆ ಬೆಚ್ಚಗೆ ಮಾಡಿ ಹೆಪ್ಪು ಹಾಕಿದರೆ ಬೆಳಿಗ್ಗೆಗೂ ಹಾಲೇ. ಬೆರಳು ಇಟ್ಟರೆ ಚುರುಕ್ ಅನ್ನಬೇಕು, ಸುಡಬಾರದು, ಆ ಬಿಸಿಯಲ್ಲಿ ಹೆಪ್ಪು ಹಾಕಿ, ಹೆಪ್ಪೂ ಸ್ವಲ್ಪ ಜಾಸ್ತಿ. ಪಾತ್ರೆಯನ್ನು ಹಾಟ್‌ಬಾಕ್ಸ್‌ನೊಳಗೆ ಇಟ್ಟು ಕಂಬಳಿ ಸುತ್ತಿ ಸೌದೆ ಒಲೆಯ ಪಕ್ಕದ ಕಟ್ಟೆಯ ಮೇಲೆ ಇಡಿ. ಹುಳಿ ಬರುವ ಮುಂಚೆ ಕೊಡಿ, ಮಗು ಇಷ್ಟಪಟ್ಟು ತಿನ್ನುತ್ತದೆ. ಬೈಂಬಳೆ (ಕಳಲೆ) ಕೂಡ ನೀರಲ್ಲಿಟ್ಟು ಹುಳಿ ಬರಿಸುತ್ತೇವಲ್ಲ, ಅದರಲ್ಲೂ ಈ ಬ್ಯಾಕ್ಟೀರಿಯಾ ಇರುತ್ತದಾ ಅಕ್ಕಾ? ನಮ್ಮ ಮನೆಯಲ್ಲಿ ಮಳೆಗಾಲ ಪೂರ್ತಿ ಅದೇ ಪಲ್ಯ.

ಸುಂಟಿಕೊಪ್ಪದ ಬೆಳೆಗಾರ:

ಎಲ್ಲರಿಗೂ ತುಂಬಾ ಉಪಕಾರ. ಅಕ್ಕಾ, ನೀವು ಬರೆದದ್ದನ್ನು ಅತ್ತಿಗೆಗೆ ಓದಿ ಹೇಳಿದೆ. ಮಾತ್ರೆ ನಿಲ್ಲಿಸುವ ಮಾತು ಈಗ ಇಲ್ಲ. ಇನ್ನೆರಡು ಸಂಶಯ. ಶುರುವಿನಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟಿದ್ದರು, ಈಗ ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದಾರೆ. ಈ ಹೊತ್ತಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಒಳಗೆ ಹೋದರೆ ಅಪಾಯವೇ? ಮತ್ತೆ ಡಬ್ಬದ ಮೇಲೆ ಫ್ರಿಜ್‌ನಲ್ಲಿ ಇಡಿ ಎಂದಿದೆ. ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ.

ಗೋಣಿಕೊಪ್ಪ ಮೆಡಿಕಲ್ಸ್ ಅಕ್ಕ:

ಸ್ಟೀರಾಯ್ಡ್ ವಿಷಯ ಕೇಳಿದ್ದು ಒಳ್ಳೆಯದಾಯಿತು ಅಣ್ಣಾ. ಆರೋಗ್ಯವಂತರಿಗೆ ಇವು ಬಹುಮಟ್ಟಿಗೆ ಸುರಕ್ಷಿತ. ರೋಗನಿರೋಧಕ ಶಕ್ತಿಯನ್ನು ಔಷಧದಿಂದ ತಗ್ಗಿಸಿರುವಾಗ, ಕರುಳಿನ ಗೋಡೆಯಲ್ಲಿ ಹುಣ್ಣಿರುವಾಗ, ಅಪರೂಪಕ್ಕೆ ಅದೇ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದ ಉದಾಹರಣೆಗಳಿವೆ. 2008ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತ ಇದ್ದವರಿಗೆ ಪ್ರೊಬಯಾಟಿಕ್ ಕೊಟ್ಟು ನೋಡಿದಾಗ ಆ ಗುಂಪಿನಲ್ಲಿ ಶೇ. 16 ಜನ ತೀರಿಹೋದರು, ಕೊಡದ ಗುಂಪಿನಲ್ಲಿ ಶೇ. 6. ಅದು ನಿಮ್ಮ ಮಗಳ ಕಾಯಿಲೆಯಲ್ಲ, ಅವರೆಲ್ಲ ತುಂಬಾ ಹುಷಾರು ತಪ್ಪಿದ್ದವರು, ಹೆದರಬೇಡಿ. ಆದರೆ ‘ಇದೇನು ಬರೀ ಮೊಸರಿನ ಹಾಗೆ, ಕೇಳದೆ ಕೊಡಬಹುದು’ ಎನ್ನುವವರಿಗೆ ನಾನು ಇದನ್ನು ಹೇಳುತ್ತೇನೆ. ಪ್ರೆಡ್ನಿಸೊಲೋನ್ ಪೂರ್ತಿ ನಿಲ್ಲುವವರೆಗೆ ಡಬ್ಬ ತೆರೆಯಬೇಡಿ. ಆಮೇಲೂ ಡಬ್ಬದ ಹಿಂಬದಿಯನ್ನು ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ. ಅಲ್ಲಿ ಜಾತಿಯ ಹೆಸರಿನ ಮುಂದೆ ತಳಿಯ ಅಕ್ಷರವೋ ಸಂಖ್ಯೆಯೋ ಇರಬೇಕು. ಲ್ಯಾಕ್ಟೋಬ್ಯಾಸಿಲಸ್ ರ್‍ಯಾಮ್ನೋಸಸ್ ಎಂದು ಬಿಟ್ಟರೆ ಸಾಲದು, ಜಿಜಿ ಎಂದು ಇರಬೇಕು, ಆ ಥರ.

ಕರೆಂಟ್ ವಿಷಯ: ಫ್ರಿಜ್‌ನಲ್ಲಿ ಇಡಿ ಎಂದು ಬರೆದ ಕ್ಯಾಪ್ಸೂಲ್ ಬೆಚ್ಚಗಿದ್ದರೆ ಜೀವಂತ ಸಂಖ್ಯೆ ಕುಸಿಯುತ್ತಾ ಹೋಗುತ್ತದೆ. ವಿಷವಾಗುವುದಿಲ್ಲ, ಕೊಟ್ಟ ದುಡ್ಡಿಗೆ ಕೆಲಸ ಆಗುವುದಿಲ್ಲ. ಬ್ಯಾಸಿಲಸ್ ಕ್ಲಾಸಿಯೈ ಎಂಬ, ಸಣ್ಣ ಸೀಸೆಯಲ್ಲಿ ಬರುವ ದ್ರವ ನೋಡಿರುತ್ತೀರಿ. ಅದರಲ್ಲಿ ಬಿಸಿ ತಡೆಯುವ ಬೀಜಕಗಳ ರೂಪದಲ್ಲಿ ಬ್ಯಾಕ್ಟೀರಿಯಾ ಇರುವುದರಿಂದ ಫ್ರಿಜ್ ಬೇಡ. ಆದರೆ ಅದನ್ನು ಭೇದಿಗೆ, ಆ್ಯಂಟಿಬಯಾಟಿಕ್ ಜೊತೆಗೆ ಬರೆಯುತ್ತಾರೆ, ನಿಮ್ಮ ಮಗಳ ಕಾಯಿಲೆಯ ಲೆಕ್ಕ ಬೇರೆ.

ನಾಪೋಕ್ಲು ಅಕ್ಕಾ, ಬೈಂಬಳೆ ಹುಳಿಯುವಾಗ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಇರುತ್ತವೆ, ಒಲೆಯ ಮೇಲೆ ಬೆಂದಾಗ ಸಾಯುತ್ತವೆ. ದೋಸೆ ಇಡ್ಲಿಗೂ ಇದೇ ಮಾತು. ಬೇಯಿಸದೆ ತಿನ್ನುವ ಮೊಸರು, ಮಜ್ಜಿಗೆಯಲ್ಲಿ ಜೀವಂತ ಉಳಿಯುತ್ತವೆ. ಬೈಂಬಳೆಯನ್ನು ಹಸಿಯಾಗಿ ಮಾತ್ರ ಯಾರೂ ತಿನ್ನಬೇಡಿ, ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ನೀರು ಬದಲಿಸುತ್ತಾ ನೆನೆಸಿ, ಬೇಯಿಸಿ ತಿನ್ನುವ ಹಳಬರ ಕ್ರಮವೇ ಸರಿ.

ಮೊಸರಿಗೆ ನಾನು ಪೂರ್ತಿ ಹೌದು ಎನ್ನುತ್ತೇನೆ ಅಣ್ಣಾ, ಅಜ್ಜಿಯ ಮಾತಿನಲ್ಲಿ ಸತ್ವವಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ಜನ ಆರೋಗ್ಯವಂತರು ಇದ್ದರು. 10 ವಾರ ಮೊಸರು, ಕೆಫೀರ್ (ಹುದುಗಿಸಿದ ಹಾಲು), ಹುದುಗಿಸಿದ ತರಕಾರಿ ಹೆಚ್ಚಾಗಿ ತಿಂದ ಗುಂಪಿನಲ್ಲಿ ಕರುಳಿನ ಬ್ಯಾಕ್ಟೀರಿಯಾದ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತ ಸೂಚಿಸುವ 19 ಪ್ರೋಟೀನುಗಳು ಇಳಿದವು. ಅವರಿಗೆ ಕೊಲೈಟಿಸ್ ಇರಲಿಲ್ಲ, ಆದ್ದರಿಂದ ಅದನ್ನು ಚಿಕಿತ್ಸೆ ಎಂದು ಕರೆಯಲಾರೆ, ಊಟ ಎಂದು ಧಾರಾಳವಾಗಿ ಕೊಡಬಹುದು. ಮಧ್ಯಾಹ್ನ ಅನ್ನದ ಜೊತೆ ಒಂದು ಬಟ್ಟಲು ಸಾಕು. ಹಾಲಿನ ಪದಾರ್ಥದಿಂದ ಹೊಟ್ಟೆ ಉಬ್ಬಿದರೆ ಮೊಸರಿನ ಬದಲು ತೆಳು ಮಜ್ಜಿಗೆ. ಕಾಯಿಲೆ ಕೆರಳಿದ ದಿನಗಳಲ್ಲಿ ಬೈಂಬಳೆ, ಖಾರದ ಪಂದಿಕರಿ, ಸಿಪ್ಪೆಯ ಕಾಳು ಬಿಟ್ಟು ಮೆದು ಅನ್ನ, ನೂಪುಟ್ಟು (ಅಕ್ಕಿ ಶಾವಿಗೆ), ಬಾಳೆಹಣ್ಣು ಕೊಡಿ. ಶಮನವಾದ ಮೇಲೆ ಸೊಪ್ಪು ತರಕಾರಿಯನ್ನು ಒಂದೊಂದಾಗಿ ವಾಪಸ್ ತನ್ನಿ, ಬ್ಯುಟಿರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೂ ಊಟ ಬೇಕಲ್ಲ. ಹೆದರಿಕೊಂಡು ವರ್ಷವಿಡೀ ಬರೀ ಅನ್ನ ಮೊಸರಿನಲ್ಲಿ ಇರಿಸಬೇಡಿ.

ಮತ್ತೆ ರಕ್ತ ಕಂಡರೆ, ಜ್ವರ ಬಂದರೆ, ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಹೊರಗೆ ಹೋಗುವಂತಾದರೆ ಮಳೆ ನಿಲ್ಲಲಿ ಎಂದು ಕಾಯಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮೆಸಲಮೈನ್ ಒಂದು ತಿಂಗಳಿಗೆ ಆಗುವಷ್ಟು ಮುಂಚೆಯೇ ತಂದಿಟ್ಟುಕೊಳ್ಳಿ. ರಸ್ತೆ ಕುಸಿದರೆ ನಮ್ಮ ಅಂಗಡಿಗಳಿಗೂ ಸರಕು ಬರುವುದಿಲ್ಲ.