ನ್ಯೂಜಿಲೆಂಡ್‌ನಲ್ಲಿ ಕ್ಯಾಂಪರ್ ವ್ಯಾನ್: ವಯಸ್ಸಾದ ತಾಯಿ, ಇಬ್ಬರು ಮಕ್ಕಳೊಂದಿಗೆ ಸಾಧ್ಯವೇ?

ಪ್ರಶ್ನೆ (ಬಸವನಗುಡಿಯಿಂದ)

ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್ ಎರಡನೆಯ ವಾರದಲ್ಲಿ, ನಾವು ಐದು ಮಂದಿ ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪಕ್ಕೆ ಹೋಗಬೇಕೆಂದಿದ್ದೇವೆ. ಕ್ರೈಸ್ಟ್‌ಚರ್ಚ್‌ನಲ್ಲಿ ಆರು ಮಂದಿ ಮಲಗಬಹುದಾದ ವ್ಯಾನ್ ಬಾಡಿಗೆಗೆ ಪಡೆದು, ಟೆಕಪೊ, ಕ್ವೀನ್ಸ್‌ಟೌನ್, ಮಿಲ್‌ಫೋರ್ಡ್ ಸೌಂಡ್ ನೋಡಿಕೊಂಡು ಹತ್ತು ದಿನಗಳಲ್ಲಿ ಹಿಂದಿರುಗುವ ಯೋಚನೆಯಿದೆ. ಹೋಟೆಲಿನ ಖರ್ಚು ಉಳಿಯುತ್ತದೆ ಎಂಬುದು ನನ್ನ ಲೆಕ್ಕ; ಅಮ್ಮನಿಗೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆಯನ್ನು ನಾವೇ ಮಾಡಿಕೊಡಬಹುದು ಎಂಬುದು ಪತ್ನಿಯ ಲೆಕ್ಕ. ಅಮ್ಮನಿಗೆ 71 ವರ್ಷ, ಮೊಣಕಾಲು ನೋವಿದೆ. ಮಗಳಿಗೆ 11, ಮಗನಿಗೆ 6. ನಾನು ಇದುವರೆಗೆ ಸಣ್ಣ ಕಾರಿಗಿಂತ ದೊಡ್ಡ ವಾಹನ ಓಡಿಸಿದವನಲ್ಲ. ಅನುಭವ ಇರುವವರು ದಯವಿಟ್ಟು ಇದ್ದದ್ದನ್ನು ಇದ್ದಂತೆ ತಿಳಿಸಿ.

ಉತ್ತರ 1 (ಮಲ್ಲೇಶ್ವರದಿಂದ)

ಅತ್ತೆ, ಮಾವ ಮತ್ತು ಇಬ್ಬರು ಮಕ್ಕಳೊಂದಿಗೆ ನಾವೂ ಏಪ್ರಿಲ್‌ನಲ್ಲೇ ಹೋಗಿದ್ದೆವು. ಹೋಗಿ, ಆದರೆ ಹಣ ಉಳಿಯುತ್ತದೆಂದು ಹೋಗಬೇಡಿ. ಬಾಡಿಗೆಯ ಮೇಲೆ ವಿಮೆ, ಡೀಸೆಲ್, ಡೀಸೆಲ್ ವಾಹನಗಳಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬೀಳುವ ರಸ್ತೆ ಶುಲ್ಕ, ಜೊತೆಗೆ ರಾತ್ರಿ ತಂಗುವ ಹಾಲಿಡೇ ಪಾರ್ಕಿನ ಬಾಡಿಗೆ ಸೇರುತ್ತವೆ. ಆ ಪಾರ್ಕುಗಳಲ್ಲಿ ಹೆಚ್ಚಿನವು ತಲೆ ಲೆಕ್ಕದಲ್ಲಿ ಹಣ ಪಡೆಯುತ್ತವೆ. ಬಯಲಿನಲ್ಲಿ ಎಲ್ಲಿ ಬೇಕಾದರೂ ಉಚಿತವಾಗಿ ನಿಲ್ಲಿಸಬಹುದೆಂಬ ಮಾತನ್ನು ನಂಬಬೇಡಿ. ಫ್ರೀಡಂ ಕ್ಯಾಂಪಿಂಗಿಗೆ 2011ರಿಂದ ಪ್ರತ್ಯೇಕ ಕಾನೂನೇ ಇದೆ. ಸ್ಥಳೀಯ ಆಡಳಿತದ ನಿರ್ಬಂಧವಿರುವಲ್ಲಿ ನಿಲ್ಲಿಸಿದರೆ ದಂಡ ಬೀಳುತ್ತದೆ.

ಇನ್ನು ಯಾವ ಜಾಹೀರಾತಿನಲ್ಲೂ ತೋರಿಸದ ವಿಷಯ. ವ್ಯಾನಿನ ಶೌಚದ ಡಬ್ಬಿಯನ್ನು ಒಂದೆರಡು ದಿನಕ್ಕೊಮ್ಮೆ ಹೊರಗಿನ ಬಾಗಿಲಿನಿಂದ ಎಳೆದು, ಡಂಪ್ ಸ್ಟೇಷನ್ನಿಗೆ ಒಯ್ದು, ನಾವೇ ಬರಿದು ಮಾಡಿ ತೊಳೆಯಬೇಕು. ಮೊದಲ ದಿನ ಮಾವನವರು ಕೈಗವಸು ಹಾಕಿಕೊಂಡು ಆ ಡಬ್ಬಿಯ ಮುಂದೆ ಐದು ನಿಮಿಷ ಸುಮ್ಮನೆ ನಿಂತಿದ್ದರು. ಮಡಿಯಲ್ಲಿ ಬೆಳೆದವರು, ಪಾಪ. ಮೂರನೆಯ ದಿನದಿಂದ ಆ ಕೆಲಸಕ್ಕೆ ಬೇರೆಯವರನ್ನು ಹತ್ತಿರ ಬಿಡಲಿಲ್ಲ.

ಅಡುಗೆಯ ಬಗ್ಗೆ ನಿಮ್ಮ ಪತ್ನಿಯ ಲೆಕ್ಕ ಸರಿಯಾಗಿದೆ. ಗ್ಯಾಸ್ ಒಲೆಯ ಮೇಲೆ ಅನ್ನ, ಸಾರು, ಉಪ್ಪಿಟ್ಟು ಯಾವ ತೊಂದರೆಯೂ ಇಲ್ಲದೆ ಆಗುತ್ತವೆ. ಬ್ಯಾಟರಿಯಿಂದ ದೀಪ, ನೀರಿನ ಪಂಪು, ಫ್ರಿಜ್ ನಡೆಯುತ್ತವೆಯೇ ಹೊರತು ಮಿಕ್ಸಿ ನಡೆಯುವುದಿಲ್ಲ. ಅದಕ್ಕೆ ವಿದ್ಯುತ್ ಸಂಪರ್ಕವಿರುವ ಜಾಗ ಬೇಕು, ನಮ್ಮ ಪ್ಲಗ್ಗು ಅಲ್ಲಿ ಕೂಡುವುದಿಲ್ಲವಾದ್ದರಿಂದ ಅಡಾಪ್ಟರ್ ಬೇಕು. ಹೊರಡುವ ಮುನ್ನ ಪ್ರತಿಯೊಂದು ಕಪಾಟಿನ ಚಿಲಕ ನೋಡಿ. ಟೆಕಪೊ ಬಿಟ್ಟ ಮೊದಲ ತಿರುವಿನಲ್ಲೇ ನಮ್ಮ ಚಟ್ನಿಪುಡಿಯ ಡಬ್ಬಿ ಮೇಲಿನಿಂದ ಹಾರಿ, ಹಾಸಿಗೆಯೆಲ್ಲ ಕೆಂಪಾಗಿ, ಕ್ವೀನ್ಸ್‌ಟೌನ್ ತಲುಪುವವರೆಗೂ ಎಲ್ಲರೂ ಸೀನುತ್ತಿದ್ದೆವು.

ಇಲ್ಲಿಂದ ಒಯ್ಯುವ ತಿನಿಸನ್ನೆಲ್ಲ, ಒಂದು ಪೊಟ್ಟಣ ಪುಳಿಯೋಗರೆ ಗೊಜ್ಜಾದರೂ ಸರಿ, ವಿಮಾನ ನಿಲ್ದಾಣದಲ್ಲಿ ಘೋಷಿಸಿಬಿಡಿ. ಘೋಷಿಸಿದರೆ ಹೆಚ್ಚೆಂದರೆ ಎತ್ತಿಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟರೆ ಸ್ಥಳದಲ್ಲೇ 400 ಡಾಲರ್ ದಂಡ. ಜೇನುತುಪ್ಪ ಮತ್ತು ಹಸಿ ಕರಿಬೇವನ್ನು ಮನೆಯಲ್ಲೇ ಬಿಟ್ಟು ಹೊರಡಿ.

ಉತ್ತರ 2 (ವಿಜಯನಗರದಿಂದ)

ಚಾಲನೆಯ ಬಗ್ಗೆ ಮಾತ್ರ ಹೇಳುತ್ತೇನೆ. ಅಲ್ಲಿಯೂ ನಮ್ಮಂತೆ ಎಡಬದಿಯ ಸಂಚಾರ, ನಮ್ಮ ಲೈಸೆನ್ಸಿನಲ್ಲಿ ಇಂಗ್ಲಿಷ್ ಇರುವುದರಿಂದ ಅದು ನಡೆಯುತ್ತದೆ. ಆದರೂ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಪಡೆದಿರಿ. ಏಳು ವರ್ಷ ತುಂಬದ ಮಗುವಿಗೆ ಚೈಲ್ಡ್ ಸೀಟ್ ಕಡ್ಡಾಯ. ವ್ಯಾನಿನ ಎಲ್ಲ ಆಸನಗಳಲ್ಲೂ ಅದನ್ನು ಬಿಗಿಯಲು ಬರುವುದಿಲ್ಲವಾದ್ದರಿಂದ ಬುಕಿಂಗ್ ಮಾಡುವಾಗಲೇ ಮಗನ ವಯಸ್ಸನ್ನು ತಿಳಿಸಿ.

ಒಂದೇ ವಾಹನ ಹೋಗುವಷ್ಟು ಅಗಲದ ಸೇತುವೆಗಳು ಅಲ್ಲಿ ಬಹಳ. ಫಲಕದಲ್ಲಿ ನಿಮ್ಮ ದಿಕ್ಕಿನ ಬಾಣ ಚಿಕ್ಕದಾಗಿ, ಕೆಂಪಾಗಿದ್ದರೆ ನೀವೇ ನಿಂತು ಎದುರಿನವರಿಗೆ ದಾರಿ ಬಿಡಬೇಕು. ಸಿಲ್ಕ್ ಬೋರ್ಡ್‌ನಲ್ಲಿ ಮೂಗು ತೂರಿಸಿ ಕಲಿತ ವಿದ್ಯೆಯನ್ನು ದಯವಿಟ್ಟು ಅಲ್ಲಿ ಪ್ರಯೋಗಿಸಬೇಡಿ. ಟೆ ಅನೌ ಊರಿನಿಂದ ಮಿಲ್‌ಫೋರ್ಡ್‌ಗೆ ಸುಮಾರು 120 ಕಿಲೋಮೀಟರ್. ನಡುವೆ 1954ರಲ್ಲಿ ತೆರೆದ ಹೋಮರ್ ಸುರಂಗ ಸಿಗುತ್ತದೆ, 1.2 ಕಿಲೋಮೀಟರ್ ಉದ್ದ, ಒಳಗೆ ಕಡಿದಾದ ಇಳಿಜಾರು. ಆ ಒಂದು ದಿನ ವ್ಯಾನನ್ನು ಟೆ ಅನೌದಲ್ಲಿ ಬಿಟ್ಟು ಪ್ರವಾಸಿ ಬಸ್ಸಿನಲ್ಲಿ ಹೋಗಿಬನ್ನಿ. ಓಡಿಸುವವನಿಗೂ ಕಿಟಕಿಯಾಚೆಯ ಬೆಟ್ಟ ಕಾಣಿಸಲಿ.

ಉತ್ತರ 3 (ಜಯನಗರದಿಂದ)

ನನ್ನ ಅಭಿಪ್ರಾಯ ಬೇರೆ. ಮೊಣಕಾಲು ನೋವಿರುವವರಿಗೆ ವ್ಯಾನಿನ ಮೆಟ್ಟಿಲು, ಇಕ್ಕಟ್ಟಾದ ಶೌಚಾಲಯ, ರಾತ್ರಿಯ ಚಳಿ ಎಲ್ಲವೂ ಹಿಂಸೆಯೇ. ಊಟದ ಮೇಜನ್ನೇ ರಾತ್ರಿ ಹಾಸಿಗೆ ಮಾಡಿಕೊಳ್ಳಬೇಕಾದ್ದರಿಂದ, ಬೇಗ ಮಲಗುವ ನನ್ನ ತಾಯಿ ಮಕ್ಕಳ ಊಟ ಮುಗಿಯುವವರೆಗೆ ಕುಳಿತೇ ತೂಕಡಿಸುತ್ತಿದ್ದರು. ವಾಹನ ಹಿಂದಿರುಗಿಸುವಾಗ ಗಾಜಿನ ಮೇಲಿನ ಸಾಸಿವೆ ಕಾಳಿನಷ್ಟು ಚುಕ್ಕೆಗೆ ಬಾಡಿಗೆ ಕಂಪನಿಯವರು ಹಣ ಮುರಿದುಕೊಂಡರು. ತೆಗೆದುಕೊಳ್ಳುವಾಗಲೇ ನಾಲ್ಕೂ ಕಡೆ ವಿಡಿಯೊ ಮಾಡದೆ ಇದ್ದದ್ದು ನನ್ನದೇ ತಪ್ಪು. ಅಲ್ಲಿನ ಮೋಟೆಲ್‌ಗಳಲ್ಲಿ ಅಡುಗೆಮನೆ ಇರುವುದು ಸಾಮಾನ್ಯ. ಕಾರು ತೆಗೆದುಕೊಂಡು ಮೋಟೆಲ್‌ಗಳಲ್ಲಿ ಉಳಿದರೆ ಅಮ್ಮನ ಊಟವೂ ಆಗುತ್ತದೆ, ನಿದ್ರೆಯೂ ಆಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೇಜು ಮತ್ತು ಹಾಸಿಗೆಯ ಮಾತನ್ನು ಓದಿ ಹೇಳಿದೆ. ಅಮ್ಮ ಮೊಣಕಾಲಿನ ಮಾತೇ ಎತ್ತದೆ, ಆ ಡಬ್ಬಿ ತೊಳೆಯುವವರು ಯಾರೆಂದು ಮಾತ್ರ ಕೇಳಿದರು.

ಉತ್ತರ 1 (ಮಲ್ಲೇಶ್ವರದಿಂದ)

ನೀವೇ ಎಂದು ಈಗಲೇ ಹೇಳಿಬಿಡಿ. ಮೊದಲ ನಾಲ್ಕು ರಾತ್ರಿ ವ್ಯಾನ್, ಆಮೇಲೆ ಕ್ವೀನ್ಸ್‌ಟೌನ್‌ನಲ್ಲಿ ಅದನ್ನು ಒಪ್ಪಿಸಿ ಕಾರು, ಮೋಟೆಲ್ ಎಂದು ಮಾಡಿಕೊಳ್ಳಬಹುದು. ಬೇರೆ ಊರಿನಲ್ಲಿ ಹಿಂದಿರುಗಿಸಲು ಎಷ್ಟು ಶುಲ್ಕವೆಂದು ಮೊದಲೇ ಕೇಳಿಕೊಳ್ಳಿ. ಟೆಕಪೊದಲ್ಲಿ ಮಾತ್ರ ವ್ಯಾನಿನಲ್ಲೇ ಉಳಿಯಿರಿ. ನಮ್ಮ ಅತ್ತೆ ನಸುಕಿನಲ್ಲಿ ಶಾಲು ಹೊದ್ದು ಮೆಟ್ಟಿಲ ಮೇಲೆ ಕಾಫಿ ಹಿಡಿದು ಕುಳಿತು, ನಕ್ಷತ್ರಗಳು ಒಂದೊಂದಾಗಿ ಮರೆಯಾಗುವುದನ್ನು ನೋಡುತ್ತಾ, ಕಾಫಿ ಆರಿಹೋದದ್ದನ್ನೂ ಗಮನಿಸಿರಲಿಲ್ಲ.